ಕರಿಯ ತೆರೆಯೋ, ಬಿಳಿಯ ತೆರೆಯೋ?

ಲೋಕದಲ್ಲಿ ಇತ್ಯರ್ಥವಾಗದೆ ಉಳಿದಿರುವ ದೊಡ್ಡ ದೊಡ್ಡ ಪ್ರಶ್ನೆಗಳು ಬೇಕಾದಷ್ಟಿವೆ. ಹೀಗಿರುವಾಗ 30 ಅಡಿ ಅಗಲದ ಒಂದು ಬಟ್ಟೆಯ ಬಣ್ಣವನ್ನು ಕುರಿತು ವಾರ್ಷಿಕ ಸಂಚಿಕೆಯ ಪುಟಗಳನ್ನು ತುಂಬಿಸುವುದು ಅವಿವೇಕವೆಂದು ಕೆಲವರಿಗೆ ತೋರಬಹುದು. ತೋರಲಿ. ಆ ಬಟ್ಟೆಯ ದೆಸೆಯಿಂದ ನಮ್ಮ ನಾಟಕ ಸಂಘದಲ್ಲಿ ಮಾತು ಬಿಟ್ಟವರಿದ್ದಾರೆ. ಸಭೆಯಿಂದ ಎದ್ದು ಹೋದವರಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬುತ್ತಿ ಹಂಚಿಕೊಳ್ಳುತ್ತಿದ್ದ ಸ್ನೇಹಿತರಿಬ್ಬರು ಈಗ ಬೇರೆ ಬೇರೆ ಮರದ ನೆರಳಿನಲ್ಲಿ ಊಟ ಮಾಡುತ್ತಿದ್ದಾರೆ. ಇಷ್ಟಾದ ಮೇಲೆ ಅದು ಸಣ್ಣ ವಿಷಯವೆಂದು ಹೇಳಲು ನನಗಂತೂ ಧೈರ್ಯವಿಲ್ಲ.

ನಡೆದುದು ಇಷ್ಟೆ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕೂಡಿ ರಂಗಮಂದಿರಕ್ಕೆಂದು ಸ್ವಲ್ಪ ಹಣ ಕೊಟ್ಟಿದ್ದಾರೆ. ಅದರಲ್ಲಿ ಒಂದು ಜಾಳುತೆರೆಯನ್ನು ಕೊಳ್ಳುವುದೆಂದು ತೀರ್ಮಾನವಾಗಿದೆ. ಇಂಗ್ಲಿಷಿನಲ್ಲಿ ಅದನ್ನು ‘ಸ್ಕ್ರಿಮ್’ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ನಾನು ಜಾಳುತೆರೆ ಎಂದೇ ಕರೆಯುತ್ತೇನೆ. ಹಣ ಒಂದು ತೆರೆಗೆ ಸಾಕು, ಎರಡಕ್ಕೆ ಸಾಲದು. ಅದು ಬಿಳಿಯದಾಗಬೇಕೆಂದು ಒಂದು ಪಕ್ಷ, ಕರಿಯದಾಗಬೇಕೆಂದು ಇನ್ನೊಂದು ಪಕ್ಷ. ಕಳೆದ ವರ್ಷ ನಾನು ಬಿಳಿಯ ಪಕ್ಷದ ಮುಂದಾಳಾಗಿದ್ದೆ. ಈ ವರ್ಷ ಕರಿಯ ಪಕ್ಷಕ್ಕೆ ಬಂದಿದ್ದೇನೆ. ಪಕ್ಷಾಂತರಕ್ಕೆ ಕಾರಣ ಹೇಳುವುದು ಪಕ್ಷಾಂತರಿಯ ಕರ್ತವ್ಯ. ಅದಕ್ಕಾಗಿಯೇ ಈ ಬರಹ.

ಜಾಳುತೆರೆಯನ್ನು ಕಾಣದವರಿಗಾಗಿ ಮೊದಲು ಅದರ ಗುಣವನ್ನು ಹೇಳಿಬಿಡುತ್ತೇನೆ. ಅದು ಹತ್ತಿಯ ನೂಲಿನಿಂದ ಬಿಡಿಬಿಡಿಯಾಗಿ ನೇಯ್ದ, ಕಿರಿದಾದ ಕಣ್ಣುಗಳುಳ್ಳ ಬಟ್ಟೆ. ರಂಗಭೂಮಿಯಲ್ಲಿ ಹೆಚ್ಚಾಗಿ ಬಳಸುವ ಜಾತಿಗೆ ‘ಶಾರ್ಕ್ ಟೂತ್’ ಎಂದು ಹೆಸರು. ಶಾರ್ಕ್ ಮೀನಿನ ಹಲ್ಲೆಂದು ಹೆದರಬೇಕಾಗಿಲ್ಲ. ಹತ್ತಿರದಿಂದ ನೋಡಿದರೆ ಅದು ಏಣಿಯ ಮೆಟ್ಟಿಲುಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುತ್ತದೆ, ಅಷ್ಟೆ. ಅದಕ್ಕಿಂತ ತೆಳುವಾಗಿ, ಜೇನುಗೂಡಿನಂತೆ ಆರು ಮೂಲೆಯ ಕಣ್ಣುಗಳುಳ್ಳ ‘ಬಾಬಿನೆಟ್’ ಎಂಬ ಇನ್ನೊಂದು ಜಾತಿಯೂ ಉಂಟು. ಈ ಬಟ್ಟೆಯ ಮಹಿಮೆ ಏನೆಂದರೆ, ಮುಂದಿನಿಂದ ಬೆಳಕು ಬಿಟ್ಟರೆ ಅದು ಗೋಡೆಯಂತೆ ನಿಲ್ಲುತ್ತದೆ; ಮುಂದಿನ ಬೆಳಕನ್ನು ಆರಿಸಿ, ಹಿಂದೆ ನಿಂತವನ ಮೇಲೆ ಬೆಳಕು ಬಿಟ್ಟರೆ ಗೋಡೆ ಕರಗಿಹೋಗಿ ಮನುಷ್ಯ ಕಾಣುತ್ತಾನೆ.

ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲ. ನಮ್ಮ ಮನೆಗಳ ಕಿಟಕಿಗೆ ಹೊಡೆದ ಸೊಳ್ಳೆಯ ಜಾಲರಿ ದಿನವೂ ಈ ಆಟವನ್ನು ಆಡುತ್ತದೆ. ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ನಿಂತವರಿಗೆ ಒಳಗಿರುವ ಅಜ್ಜಿ ಕಾಣುವುದಿಲ್ಲ; ಅಜ್ಜಿಗೆ ಮಾತ್ರ ಬೀದಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಸಂಜೆ ಒಳಗೆ ದೀಪ ಹಾಕಿದೊಡನೆ ಪಾತ್ರ ಅದಲುಬದಲಾಗುತ್ತದೆ. ಅಜ್ಜಿ ಯಾವ ತರಕಾರಿ ಹೆಚ್ಚುತ್ತಿದ್ದಾಳೆಂಬುದು ಬೀದಿಗೆಲ್ಲ ತಿಳಿಯುತ್ತದೆ; ಅವಳಿಗೆ ಮಾತ್ರ ಬೀದಿ ಕತ್ತಲೆ. ಬೆಳಕು ಎಲ್ಲಿದೆಯೋ ಅದು ಕಾಣುತ್ತದೆ, ಇಷ್ಟೇ ಸೂತ್ರ. ಬಟ್ಟೆಯ ನೂಲಿನ ಮೇಲೆ ಬೆಳಕಿದ್ದರೆ ನೂಲು ಕಾಣುತ್ತದೆ. ನೂಲಿನ ನಡುವಣ ಕಂಡಿಗಳ ಆಚೆ ಬೆಳಕಿದ್ದರೆ ಆಚೆಯದು ಕಾಣುತ್ತದೆ.

ಬಣ್ಣದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬಿಳಿಯ ನೂಲು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸಿಬಿಡುತ್ತದೆ. ಕರಿಯ ನೂಲು ಬಹುಪಾಲನ್ನು ನುಂಗಿಬಿಡುತ್ತದೆ. ಆದುದರಿಂದ ಬಿಳಿಯ ತೆರೆಗೆ ನೀಲಿ ಬೆಳಕು ಬಿಟ್ಟರೆ ಆಕಾಶವಾಗುತ್ತದೆ, ಕೆಂಪು ಬಿಟ್ಟರೆ ಸಂಜೆಯಾಗುತ್ತದೆ, ಚಿತ್ರ ಬಿಟ್ಟರೆ ಚಿತ್ರಪಟವಾಗುತ್ತದೆ. ಕರಿಯ ತೆರೆಗೆ ಏನು ಬಿಟ್ಟರೂ ಅದು ಹೆಚ್ಚುಕಡಿಮೆ ಕರಿಯದಾಗಿಯೇ ಉಳಿಯುತ್ತದೆ. ಇಷ್ಟನ್ನೇ ಕೇಳಿದರೆ ಬಿಳಿಯದೇ ಉದಾರಿ, ಕರಿಯದು ಜಿಪುಣ ಎನಿಸುತ್ತದೆ. ಕಳೆದ ವರ್ಷ ನನಗೂ ಹಾಗೆಯೇ ಎನಿಸಿತ್ತು.

ಕಳೆದ ವರ್ಷ ನಾವು ಆಡಿದ್ದು ಗದಾಯುದ್ಧದ ಕಥೆ. 10ನೆಯ ಶತಮಾನದ ರನ್ನ ಮಹಾಕವಿಯ ಕಾವ್ಯವನ್ನು ಬಿ.ಎಂ.ಶ್ರೀ ಅವರು ನಾಟಕಕ್ಕೆ ಅಳವಡಿಸಿದ್ದು ಎಲ್ಲರಿಗೂ ತಿಳಿದದ್ದೇ. ಕುರುಸೇನೆಯೆಲ್ಲ ಅಳಿದ ಮೇಲೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ದಡದಲ್ಲಿ ಭೀಮ ಬಂದು ಗರ್ಜಿಸುತ್ತಾನೆ, ಹೀಯಾಳಿಸುತ್ತಾನೆ. ಆ ಮಾತು ಕಿವಿಗೆ ಬಿದ್ದು ನೀರಿನ ತಂಪಿನೊಳಗೂ ಕುರುರಾಜನ ಮೈ ಬೆವರಿತೆಂಬ ರನ್ನನ ಕಲ್ಪನೆಯನ್ನು ಕನ್ನಡ ಬಲ್ಲವರು ಮರೆಯುವುದುಂಟೆ? ಆ ಸನ್ನಿವೇಶವನ್ನು ಹೇಗೆ ತೋರಿಸುವುದೆಂಬುದು ನಮಗೆ ಒಂದು ತಿಂಗಳ ಚಿಂತೆಯಾಗಿತ್ತು. ದುರ್ಯೋಧನನನ್ನು ಪಕ್ಕದ ವಿಂಗಿನಲ್ಲಿ ನಿಲ್ಲಿಸಿ, ಹೊತ್ತು ಬಂದಾಗ ‘ಬಾರೋ’ ಎಂದು ನೂಕಿದರೆ ಕಥೆಯೇನೋ ಸಾಗುತ್ತದೆ, ರಸ ಸಾಯುತ್ತದೆ. ಆಗ ಯಾರೋ ಜಾಳುತೆರೆಯ ವಿಷಯ ಹೇಳಿದರು. ತೆರೆಯೇ ಕೊಳ, ಅದರ ಹಿಂದೆ ದುರ್ಯೋಧನ, ಮುಂದೆ ಭೀಮ. ಹಿಂದೆ ಬೆಳಕು ಬಿಟ್ಟಾಗ ನೀರೊಳಗಿನ ಅರಸ ಕಾಣಬೇಕು. ನಮ್ಮ ಸಂತೋಷಕ್ಕೆ ಪಾರವೇ ಇಲ್ಲ.

ಬಾಡಿಗೆಗೆ ತರುವಾಗ ಕರಿಯದು ಬೇಕೋ ಬಿಳಿಯದು ಬೇಕೋ ಎಂದು ಕೇಳಿದರು. ಕಾರ್ಯದರ್ಶಿಯಾದ ನಾನು ಒಂದು ಗಳಿಗೆಯೂ ಯೋಚಿಸದೆ, “ಬಿಳಿಯದು. ನೀಲಿ ಬೆಳಕು ಹಿಡಿಯಬೇಕಲ್ಲ” ಎಂದೆ. ಅಭ್ಯಾಸದ ರಾತ್ರಿ, ಮಂದಿರದ ದೀಪಗಳನ್ನೆಲ್ಲ ಆರಿಸಿ, ಮೇಲಿನಿಂದ ಎರಡು ನೀಲಿ ದೀಪ ಬಿಟ್ಟಾಗ ಆ ತೆರೆ ಎಂಥ ಕೊಳವಾಯಿತು! ಒಬ್ಬ ಹುಡುಗ ಬಟ್ಟೆಯನ್ನು ಕೆಳಗಿನಿಂದ ಮೆಲ್ಲನೆ ಅಲುಗಿಸಿದ, ಅಲೆಗಳೆದ್ದವು. ನೀಲಿ ಆರಿತು, ಹಿಂದಿನ ದೀಪ ಹತ್ತಿತು, ದುರ್ಯೋಧನ ಕಂಡ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ರಾತ್ರಿ ಭೀಮನ ಪಾತ್ರಧಾರಿ ಬಂದಿರಲಿಲ್ಲ. ಅವನ ಮೇಲೆ ಬಿಡಬೇಕಾದ ದೀಪವನ್ನೂ ನಾವು ಹಚ್ಚಿರಲಿಲ್ಲ. ಅದೇ ನಮ್ಮ ಗ್ರಹಚಾರ.

ಪ್ರದರ್ಶನದ ದಿನ ಭೀಮ ಬಂದ. ಸಭಾಂಗಣದ ಗೋಡೆಗೆ ಕಟ್ಟಿದ ಎರಡು ದೊಡ್ಡ ದೀಪಗಳು ಅವನ ಮುಖಕ್ಕೆ ನೇರವಾಗಿ ಬಿದ್ದುವು. ಅವನನ್ನು ದಾಟಿ ಹಿಂದಿನ ಬಿಳಿಯ ತೆರೆಗೂ ಬಿದ್ದುವು. ನಮ್ಮ ರಂಗದ ಆಳ 18 ಅಡಿ. ಭೀಮನಿಗೂ ತೆರೆಗೂ ನಡುವೆ ಎರಡು ಮಾರು ದೂರವೂ ಇರಲಿಲ್ಲ. ವಿಡಿಯೋ ತೆಗೆಯುವವರು ಮುಂದಿನ ಸಾಲಿನ ಮೇಲಣ ಟ್ಯೂಬುಲೈಟನ್ನು ಆರಿಸಲು ಒಪ್ಪಲಿಲ್ಲ. ಸುಣ್ಣ ಬಳಿದ ಗೋಡೆ, ಸುಣ್ಣ ಬಳಿದ ಸೂರು, ಹೊಳೆಯುವ ನೆಲ. ಎಲ್ಲ ಕಡೆಯಿಂದಲೂ ಚೆಲ್ಲಿದ ಬೆಳಕು ಆ ಬಿಳಿಯ ಬಟ್ಟೆಯ ಮೇಲೆ ಬಂದು ನಿಂತಿತು. ಹಿಂದಿನ ದೀಪ ಹತ್ತಿದಾಗ ದುರ್ಯೋಧನ ಕಂಡನೇ? ನೀರು ಬೆರೆಸಿದ ಹಾಲಿನೊಳಗೆ ಬಿದ್ದ ನೊಣದಂತೆ ಏನೋ ಒಂದು ಕಂದು ಛಾಯೆ ಅತ್ತಿತ್ತ ಆಡಿತು. ಆ ಐದಾರು ನಿಮಿಷ ಅವನಿಗೆ ಮಾತಿಲ್ಲ. ಎಲ್ಲವೂ ಮೈಯ ಅಭಿನಯ. ಭೀಮನ ಒಂದೊಂದು ಮಾತಿಗೂ ಹೆಗಲು ಬಿಗಿಯುವುದು, ಮುಷ್ಟಿ ಕಟ್ಟುವುದು, ಗದೆಯ ಕಡೆಗೆ ಕೈ ಹೋಗಿ ಹಿಂದೆ ಸರಿಯುವುದು, ಕೊನೆಗೆ ತಡೆಯಲಾರದೆ ತಲೆಯೆತ್ತುವುದು. ಅದಷ್ಟನ್ನೂ ಅವನು ಹಾಸ್ಟೆಲಿನ ಕನ್ನಡಿಯ ಮುಂದೆ ಒಂದು ತಿಂಗಳು ಕಲಿತಿದ್ದ. ಅಂದು ಅದನ್ನು ನೋಡಿದವರು ಪಕ್ಕದ ವಿಂಗಿನಲ್ಲಿ ನಿಂತಿದ್ದ ನಾವು ನಾಲ್ವರು ಮಾತ್ರ. ಅವನು ಅಂದು ಆಡಿದ ಹಾಗೆ ಎಂದೂ ಆಡಿರಲಿಲ್ಲ.

ನಾಟಕ ಮುಗಿದ ಮೇಲೆ ಅವನ ತಾಯಿಯವರು ಒಳಗೆ ಬಂದರು. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಮಗನ ನಾಟಕ ನೋಡಲೆಂದು ಬಂದವರು. ನನ್ನನ್ನು ಕಂಡು, “ಚೆನ್ನಾಗಿತ್ತು ಕಣಪ್ಪಾ. ನಮ್ಮ ಹುಡುಗ ಕೊನೇಲಿ ಬಂದ ಅಲ್ವಾ? ಅದಕ್ಕೆ ಮುಂಚೆ ಆ ಬಿಳೀ ಬಟ್ಟೇಲಿ ಏನೋ ತೋರಿಸ್ತಿದ್ರಿ, ನಂಗೆ ಅರ್ಥ ಆಗ್ಲಿಲ್ಲ” ಎಂದರು. ಅವರ ಮಗ ಕಿರೀಟ ಬಿಚ್ಚುತ್ತಿದ್ದವನು ಒಮ್ಮೆ ನನ್ನ ಕಡೆಗೆ ನೋಡಿ, ತಾಯಿಗೆ, “ಅದು ಕೊಳ ಅವ್ವ” ಎಂದಷ್ಟೇ ಹೇಳಿದ. ನನ್ನನ್ನು ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಒಳ್ಳೆಯದಿತ್ತು.

ಮಾರನೆಯ ದಿನ ದೀಪಗಳನ್ನು ಬಿಚ್ಚಲು ಬಂದ ಮೈಕ್ ಸೆಟ್ಟಿನ ಯಜಮಾನರನ್ನು ಕೇಳಿದೆ. ಅವರು ಓದಿದವರಲ್ಲ, ಜಾತ್ರೆಯ ನಾಟಕಗಳಿಗೆ ಇಪ್ಪತ್ತು ವರ್ಷ ದೀಪ ಕಟ್ಟಿದವರು. “ಬೆಳಕು ಅಂದ್ರೆ ನೀರಿದ್ದ ಹಾಗೆ ಕಣಪ್ಪಾ ಸೆಕ್ರೆಟ್ರಿ. ಒಂದು ಕಡೆ ಸುರಿದ್ರೆ ನಾಲ್ಕು ಕಡೆ ಹರಿಯುತ್ತೆ. ಬಿಳೀ ಬಟ್ಟೆ ಎಲ್ಲಿದ್ರೂ ಹೋಗಿ ಅದರ ಮೇಲೆ ಕೂತ್ಕೊಳುತ್ತೆ. ನಿನ್ನ ದುರ್ಯೋಧನನಿಗೆ ನಾನು ಇನ್ನೂ ಹತ್ತು ಲೈಟು ಹಾಕ್ತಿದ್ದೆ. ಮುಂದಿನ ಬೆಳಕು ನಿಲ್ಲಿಸೋರು ಯಾರು?” ಎಂದರು. ನಮ್ಮದು ಕಲಾ ಕಾಲೇಜು. ಬೆಳಕಿನ ಶಾಸ್ತ್ರವನ್ನು ಹೇಳಿಕೊಡುವ ಅಧ್ಯಾಪಕರಿಲ್ಲ. ಆ ಶಾಸ್ತ್ರದ ಮೊದಲನೆಯ ಪಾಠ ನನಗೆ ಆದದ್ದು ಅಂದು, ಏಣಿಯ ಬುಡದಲ್ಲಿ ನಿಂತು.

ಅವರ ಮಾತನ್ನು ಪರೀಕ್ಷಿಸಬೇಕೆಂದು, ಈ ವರ್ಷ ನಾವು ಪೇಟೆಯ ಬಟ್ಟೆಯಂಗಡಿಯಿಂದ ನೆಟ್ ಬಟ್ಟೆಯನ್ನು ತಂದೆವು. ಎರಡು ಮೀಟರ್ ಬಿಳಿಯದು, ಎರಡು ಮೀಟರ್ ಕರಿಯದು, ನೇಯ್ಗೆ ಒಂದೇ. ಎರಡನ್ನೂ ಒಂದೇ ಹಗ್ಗಕ್ಕೆ ಅಕ್ಕಪಕ್ಕದಲ್ಲಿ ಇಳಿಬಿಟ್ಟೆವು. ಅದೇ ಮಂದಿರ, ಅದೇ ಗೋಡೆಯ ದೀಪಗಳು, ಅದೇ ಹಟಮಾರಿ ಟ್ಯೂಬುಲೈಟು. ಕಳೆದ ವರ್ಷದ ದುರ್ಯೋಧನನನ್ನೇ ಕರೆದು, ಹಿಂದೆ ನಾಲ್ಕೈದು ಅಡಿ ದೂರದಲ್ಲಿ ನಿಲ್ಲಿಸಿ, ಪಕ್ಕದಿಂದ ಒಂದು ದೀಪ ಬಿಟ್ಟೆವು. ಬಿಳಿಯ ಬಟ್ಟೆಯ ಹಿಂದೆ ನಿಂತಾಗ ಅವನು ಮಂಜಿನೊಳಗಿದ್ದ. ಎರಡು ಹೆಜ್ಜೆ ಸರಿದು ಕರಿಯ ಬಟ್ಟೆಯ ಹಿಂದೆ ಬಂದ. ಕೊನೆಯ ಸಾಲಿನಲ್ಲಿ ಕುಳಿತ ನನಗೆ ಅವನ ಕತ್ತಿನ ನರ ಬಿಗಿದದ್ದು ಕಂಡಿತು. ಬಟ್ಟೆ ಇದೆಯೆಂಬುದೇ ಮರೆತುಹೋಯಿತು. ಮುಂದೆ ನಿಂತ ಭೀಮನೂ ಬೆಳಕಿನಲ್ಲಿದ್ದ. ಹಿಂದೆ ನಿಂತ ಅರಸನೂ ಬೆಳಕಿನಲ್ಲಿದ್ದ. ಇಬ್ಬರೂ ಏಕಕಾಲದಲ್ಲಿ ಕಂಡರು. ರನ್ನನ ಸನ್ನಿವೇಶಕ್ಕೆ ಬೇಕಾದದ್ದು ಇದೇ ಅಲ್ಲವೆ? ಒಬ್ಬನ ಮಾತು ಇನ್ನೊಬ್ಬನ ಮೈಯಲ್ಲಿ ಏನು ಮಾಡಿತೆಂಬುದನ್ನು ಕಾಣಬೇಕಾದರೆ ಇಬ್ಬರನ್ನೂ ಒಟ್ಟಿಗೆ ನೋಡಬೇಕು.

ಅಂದಿನಿಂದ ನನಗೆ ಈ ಪ್ರಶ್ನೆ ಬಣ್ಣದ ಪ್ರಶ್ನೆಯಾಗಿ ಕಾಣುತ್ತಿಲ್ಲ. ನಾವು ತೋರಿಸಬೇಕಾದ ಚಿತ್ರ ಬಟ್ಟೆಯ ಮೇಲಿದೆಯೋ, ಬಟ್ಟೆಯ ಹಿಂದಿದೆಯೋ? ಪ್ರಶ್ನೆ ಇದು. ಬಟ್ಟೆಯ ಮೇಲಿದ್ದರೆ ಬಿಳಿಯದೇ ಸರಿ. ನಮ್ಮ ತೊಗಲುಗೊಂಬೆಯವರು ಬಿಳಿಯ ಪರದೆಯನ್ನೇ ಕಟ್ಟುತ್ತಾರೆ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿಯುತ್ತಾರೆ. ಹಿಂದಿನ ದೀಪ ತೊಗಲಿನ ಬಣ್ಣವನ್ನು ತಂದು ಬಟ್ಟೆಯ ಮೇಲೆ ಇಡುತ್ತದೆ. ಅಲ್ಲಿ ಬಟ್ಟೆಯೇ ರಂಗ. 1822ರಲ್ಲಿ ಡಾಗೇರ್ ಎಂಬಾತ ಪ್ಯಾರಿಸ್ ನಗರದಲ್ಲಿ ‘ಡಯೋರಾಮ’ ಎಂಬ ನೋಟವನ್ನು ತೆರೆದನು. ಮುಂದೆ ಛಾಯಾಚಿತ್ರಕಲೆಯಲ್ಲಿ ಹೆಸರಾದವನೂ ಇವನೇ. ದೊಡ್ಡ ತೆಳುಬಟ್ಟೆಯ ಮೇಲೆ ಚಿತ್ರ ಬರೆದು, ಬೆಳಕನ್ನು ಮುಂದಿನಿಂದ ಹಿಂದಕ್ಕೆ ಬದಲಾಯಿಸಿ, ಹಗಲನ್ನು ರಾತ್ರಿಯಾಗಿಸುತ್ತಿದ್ದನು. ಅಲ್ಲಿಯೂ ಬಟ್ಟೆಯೇ ರಂಗ, ಅಲ್ಲಿ ನಟನಿಲ್ಲ. ಯಕ್ಷಗಾನದ ಒಡ್ಡೋಲಗದಲ್ಲಿ ಇಬ್ಬರು ಹಿಡಿದುನಿಂತ ತೆರೆಯೋ ಬೇರೆ ಬಗೆಯದು. ಅದರ ಮೇಲೆ ನೋಡಬೇಕಾದದ್ದು ಏನೂ ಇಲ್ಲ. ಅದರ ಹಿಂದೆ ಇರುವ ವೇಷಕ್ಕಾಗಿ ಜನ ಕಣ್ಣರಳಿಸಿ ಕೂರುತ್ತಾರೆ. ಕಾಲೇಜಿನ ನಾಟಕ ಈ ಎರಡನೆಯ ಜಾತಿಯದು. ನಮ್ಮಲ್ಲಿ ಚಿತ್ರಕಾರರಿಲ್ಲ, ಯಂತ್ರಗಳಿಲ್ಲ, ಇರುವುದು ನಟರು. ತೆರೆಯ ಹಿಂದೆ ನಿಲ್ಲುವವನು ನಮ್ಮ ಸಹಪಾಠಿ. ಅವನು ಕಾಣಬೇಕು.

ಬಿಳಿಯ ಪಕ್ಷದವರ ವಾದಗಳನ್ನು ನಾನು ಹಗುರಾಗಿ ಕಾಣುವುದಿಲ್ಲ; ಅವುಗಳಲ್ಲಿ ಅರ್ಧ ನಾನೇ ಹೂಡಿದ್ದು. ಒಂದೊಂದಕ್ಕೂ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.

ಬಿಳಿಯದನ್ನು ಬೇಕಾದಾಗ ಕರಿಯ ಮಾಡಬಹುದು, ಕರಿಯದನ್ನು ಬಿಳಿಯ ಮಾಡಲಾಗದು. ಆದುದರಿಂದ ಬಿಳಿಯದನ್ನು ಕೊಳ್ಳುವುದೇ ಜಾಣತನ ಎನ್ನುತ್ತಾರೆ. ಕೇಳಲು ಗಾದೆಯಂತಿದೆ. ಆದರೆ 30 ಅಡಿ ಅಗಲದ ಹತ್ತಿಯ ಜಾಲರಿಯನ್ನು ಯಾವ ಹಂಡೆಯಲ್ಲಿ ಅದ್ದುವುದು? ನೆನೆದ ಹತ್ತಿ ಕುಗ್ಗುತ್ತದೆ. ಎಲ್ಲ ಕಡೆಯೂ ಸಮನಾಗಿ ಕುಗ್ಗುವುದಿಲ್ಲ. ಬೆಂಕಿ ಹತ್ತದಿರಲೆಂದು ಹಾಕಿದ ಔಷಧ ನೀರಿನಲ್ಲಿ ಹೋಗಿಬಿಡಬಹುದು. ಬಣ್ಣ ಪಟ್ಟೆಪಟ್ಟೆಯಾಗಿ ಹಿಡಿದರೆ ಕೊಳಕ್ಕೆ ಬದಲು ಹುಲಿಯ ಚರ್ಮ ಸಿದ್ಧವಾದೀತು.

ಬಿಳಿಯ ತೆರೆಯ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ತೋರಿಸಬಹುದು, ಉಪನ್ಯಾಸಗಳಿಗೂ ಒದಗುತ್ತದೆ ಎನ್ನುವುದು ಎರಡನೆಯದು. ಇದು ಆಡಳಿತ ಮಂಡಲಿಯವರ ಮನಸ್ಸಿಗೆ ಹಿಡಿಸಿದ ವಾದ. ಆದರೆ ಜಾಳುತೆರೆಗೆ ಬಿಟ್ಟ ಚಿತ್ರದಲ್ಲಿ ಒಂದು ಪಾಲು ಕಂಡಿಗಳ ಮೂಲಕ ಹಾದು ಹಿಂದಿನ ಗೋಡೆಯ ಮೇಲೂ ಬೀಳುತ್ತದೆ. ಒಂದರ ಹಿಂದೆ ಇನ್ನೊಂದಾಗಿ ಎರಡು ಚಿತ್ರ ಕಾಣುತ್ತವೆ. ಉಪನ್ಯಾಸಕ್ಕೆ ಬೇಕಾದದ್ದು ಕಂಡಿಯಿಲ್ಲದ ಬಿಳಿಯ ಪರದೆ. ಅದು ಕಡಮೆ ಬೆಲೆಗೆ ಸಿಗುತ್ತದೆ, ನಮ್ಮಲ್ಲಿ ಒಂದು ಆಗಲೇ ಇದೆ.

ಇನ್ನು ಮಂಗಳಕಾರ್ಯದ ದಿನ ಕರಿಯ ಬಟ್ಟೆ ಕಟ್ಟುವುದು ಅಶುಭವೆಂದು ಹಿರಿಯರೊಬ್ಬರು ಹೇಳಿದರು. ಅವರಿಗೆ ನನ್ನ ವಿನಯಪೂರ್ವಕ ಉತ್ತರವಿಷ್ಟೆ: ಕರಿಯ ಜಾಳುತೆರೆಯ ಮೇಲೆ ಬೆಳಕಿಲ್ಲದಾಗ ಅದು ಕಾಣುವುದೇ ಇಲ್ಲ. ಕಾಣದ ಬಟ್ಟೆಗೆ ಶಕುನವೆಲ್ಲಿಂದ ಬಂತು? ಎರಡು ಪಕ್ಷಕ್ಕೂ ಸಮಾಧಾನವಾಗುವಂತೆ ಬೂದುಬಣ್ಣದ್ದನ್ನು ತರಬಹುದೆಂದು ಇನ್ನೊಬ್ಬರು ರಾಜಿ ಸೂಚಿಸಿದರು. ಬೂದುಬಣ್ಣದ ಜಾಳುತೆರೆಗಳು ಇಲ್ಲದೆ ಇಲ್ಲ. ಚಿತ್ರವೂ ಬೀಳಬೇಕು, ಹಿಂದಿನದೂ ಕಾಣಬೇಕು ಎನ್ನುವ ಕಡೆ, ಬಲವಾದ ದೀಪಗಳೂ ಅವುಗಳನ್ನು ಹದವಾಗಿ ಆಳುವ ಕೈಗಳೂ ಇರುವ ಕಡೆ, ಅವು ಕೆಲಸ ಮಾಡುತ್ತವೆ. ಎಂಟು ದೀಪದ ನಮ್ಮ ರಂಗದಲ್ಲಿ ಅದು ಚಿತ್ರಕ್ಕೆ ಅರ್ಧ, ನಟನಿಗೆ ಅರ್ಧ ಅನ್ಯಾಯ ಮಾಡೀತು.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ನೃತ್ಯದ ವಿದ್ಯಾರ್ಥಿನಿಯರ ವಾದ. ಅವರ ಮುಂದಾಳು ಸಭೆಯಲ್ಲಿ ಎದ್ದು ನಿಂತು, “ನಿಮ್ಮ ದುರ್ಯೋಧನ ವರ್ಷಕ್ಕೆ ಒಂದು ಸಲ ಕೊಳದಿಂದ ಏಳ್ತಾನೆ. ನಾವು ವರ್ಷಕ್ಕೆ ನಾಲ್ಕು ಸಲ ಕುಣೀತೀವಿ. ನಮ್ಮ ಹಿಂದೆ ಬಣ್ಣ ಬೇಡ್ವಾ?” ಎಂದು ಕೇಳಿದರು. ನ್ಯಾಯವಾದ ಮಾತು. ನೃತ್ಯಕ್ಕೆ ಹಿಂದೆ ಬಣ್ಣ ಬೇಕು. ಬಿಳಿಯ ತೆರೆ ಆ ಬಣ್ಣವನ್ನು ಎರಡೇ ದೀಪದಲ್ಲಿ ಕೊಡುತ್ತದೆ. ನಾನು ಅವರಿಗೆ ಹೇಳುವುದು ಇಷ್ಟು. ದೊಡ್ಡ ರಂಗಮಂದಿರಗಳಲ್ಲಿ ಆಕಾಶವನ್ನು ತೋರಿಸುವ ಬಿಳಿಯ ಹಿನ್ನೆಲೆಯ ಪರದೆಯ ಮುಂದೆ, ಬೇಕೆಂದೇ ಕರಿಯ ಜಾಳುತೆರೆಯನ್ನು ಇಳಿಬಿಡುವ ಪದ್ಧತಿಯಿದೆ. ಅದು ಮುಂದಿನಿಂದ ಚೆಲ್ಲಿದ ಬೆಳಕನ್ನು ನುಂಗುತ್ತದೆ. ಹಿಂದಿನ ಬಣ್ಣ ತೊಳೆದುಹೋಗದೆ ಗಾಢವಾಗುತ್ತದೆ. ಆಕಾಶ ಇನ್ನಷ್ಟು ದೂರ ಹೋದಂತೆ ಕಾಣುತ್ತದೆ. ಬಟ್ಟೆಯ ಸುಕ್ಕು, ಗೋಡೆಯ ಬಿರುಕು ಮರೆಯಾಗುತ್ತವೆ. ನಮ್ಮಲ್ಲಿ ಹಿನ್ನೆಲೆಯ ಪರದೆಯಿಲ್ಲ. ಆದರೆ ಸುಣ್ಣ ಬಳಿದ ಹಿಂಗೋಡೆಯಿದೆ. ಅದಕ್ಕೆ ಬಣ್ಣದ ಬೆಳಕು ಬಿಟ್ಟು, ಮುಂದೆ ಕರಿಯ ಜಾಳುತೆರೆ ಇಳಿಬಿಟ್ಟರೆ, ಅದರ ಮುಂದೆ ಕುಣಿಯುವವರ ಹಿಂದೆ ಬಣ್ಣವಿರುತ್ತದೆ. ಆದರೆ ಇದಕ್ಕೆ ಹೆಚ್ಚು ಬೆಳಕು ಬೇಕು. ಎರಡು ದೀಪದಲ್ಲಿ ಆಗುವ ಕೆಲಸಕ್ಕೆ ನಾಲ್ಕು ಬೇಕಾದೀತು. ಆ ಹೊರೆಯನ್ನು ಅವರ ಮೇಲೆ ಹಾಕಿ ನಾವು ತೆರೆಯನ್ನು ಗೆದ್ದೆವೆಂದು ಕುಣಿಯುವುದು ಸಲ್ಲದು. ಆದುದರಿಂದ ಕರಿಯ ತೆರೆಯನ್ನು ಕೊಳ್ಳುವುದಾದರೆ, ಸಂಘಕ್ಕೆ ಮುಂದೆ ಬರುವ ಹಣದಲ್ಲಿ ಮೊದಲ ದೀಪಗಳು ಹಿಂಗೋಡೆಗೇ ಆಗಬೇಕೆಂದು, ತೆರೆಯ ಠರಾವಿನಲ್ಲಿಯೇ ಬರೆದಿಡಬೇಕೆಂಬುದು ನನ್ನ ಸಲಹೆ.

ಕರಿಯದರಲ್ಲಿ ಕಳೆದುಕೊಳ್ಳುವುದು ಇನ್ನೂ ಒಂದಿದೆ, ಅದನ್ನು ಮುಚ್ಚಿಡಲಾರೆ. ಅಭ್ಯಾಸದ ರಾತ್ರಿ ಕಂಡ ಆ ನೀಲಿಯ ಕೊಳ ಮತ್ತೆ ಬಾರದು. ಕರಿಯ ಬಟ್ಟೆಯ ಮೇಲೆ ಅಲೆಗಳು ಏಳುವುದಿಲ್ಲ. ನೀರನ್ನು ನೆಲದ ಮೇಲಣ ನೀಲಿ ಬೆಳಕಿನಿಂದಲೋ, ನಟನ ಮೈಮೇಲೆ ಪಕ್ಕದಿಂದ ಆಡುವ ನೆರಳಿನಿಂದಲೋ ಸೂಚಿಸಬೇಕು. ಉಳಿದದ್ದನ್ನು ಕವಿಯ ಮಾತಿಗೂ ನೋಡುವವರ ಕಲ್ಪನೆಗೂ ಬಿಡಬೇಕು. ಕೊಳ ಬೇಕೋ, ಕೊಳದೊಳಗಿನ ಮನುಷ್ಯ ಬೇಕೋ ಎಂದು ಕೇಳಿದರೆ, ಒಮ್ಮೆ ಕೊಳವನ್ನು ಆರಿಸಿ ಮನುಷ್ಯನನ್ನು ಮುಳುಗಿಸಿದವನು ನಾನು. ಎರಡನೆಯ ಸಲ ಆ ತಪ್ಪು ಮಾಡಲಾರೆ.

ಯಾವ ಬಣ್ಣದ್ದನ್ನೇ ತಂದರೂ ಕೆಲವು ವಿಷಯಗಳನ್ನು ಮರೆಯಬಾರದು. ಹೊಲಿಗೆಯಿಲ್ಲದ ಒಂದೇ ಹಾಳೆಯನ್ನು ತರಬೇಕು. ಹಿಂದಿನಿಂದ ಬೆಳಕು ಬಿದ್ದರೆ ಹೊಲಿಗೆ ಕಂಬದಂತೆ ಎದ್ದು ಕಾಣುತ್ತದೆ. ನೆರಿಗೆಯಿಲ್ಲದೆ ಬಿಗಿಯಾಗಿ ತೂಗುಹಾಕಬೇಕು. ಕೆಳಗಂಚಿನ ಚೀಲದೊಳಗೆ ಕೊಳವೆಯನ್ನು ಸೇರಿಸಿ ಭಾರ ಕೊಡಬೇಕು. ಮುಂದಿನ ದೀಪಗಳನ್ನು ಗೋಡೆಯಿಂದ ನೇರವಾಗಿ ಬಿಡದೆ, ಮೇಲಿನಿಂದಲೋ ಪಕ್ಕದಿಂದಲೋ ಓರೆಯಾಗಿ ಬಿಡಬೇಕು. ಆಗ ಕಂಡಿಯಲ್ಲಿ ತೂರಿದ ಬೆಳಕು ಹಿಂದಿನ ನಟನನ್ನು ಮುಟ್ಟದೆ ನೆಲಕ್ಕೆ ಬೀಳುತ್ತದೆ. ನಟನು ತೆರೆಗೆ ಅಂಟಿ ನಿಲ್ಲದೆ ನಾಲ್ಕಾರು ಅಡಿ ಹಿಂದೆ ನಿಲ್ಲಬೇಕು. ತೋರಿಸುವ ತನಕ ಏನೂ ಕಾಣಬಾರದೆಂದಿದ್ದರೆ, ಜಾಳುತೆರೆಯ ಬೆನ್ನಿಗೆ ಒಂದು ದಪ್ಪ ಕರಿಯ ಪರದೆಯನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಸರಿಸಬೇಕು. ನಾಟಕ ಮುಗಿದ ಮೇಲೆ ಮಡಚಿ ಮೂಲೆಗೆ ಎಸೆಯಬಾರದು. ನಮ್ಮ ಮಂದಿರದ ಇಲಿಗಳಿಗೆ ಬಣ್ಣದ ಭೇದವಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಬೆಂಕಿಯ ಭಯ. 1903ರ ಡಿಸೆಂಬರ್ 30ರಂದು ಅಮೆರಿಕದ ಷಿಕಾಗೋ ನಗರದ ಇರಾಕ್ವಾ ನಾಟಕಶಾಲೆಯಲ್ಲಿ ದೀಪದ ಕಿಡಿಯೊಂದು ತೆರೆಯ ಬಟ್ಟೆಗೆ ತಗಲಿ, 600ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅಂದಿನದು ಹಗಲಿನ ಆಟ. ನೋಡಲು ಬಂದವರಲ್ಲಿ ಹೆಂಗಸರು ಮಕ್ಕಳೇ ಬಹಳ. ಈಗಿನ ಎಲ್‌ಇಡಿ ದೀಪಗಳ ಕಾವು ಕಡಮೆಯೆಂಬುದು ನಿಜ; ಆದರೆ ನಾವು ಬಾಡಿಗೆಗೆ ತರುವ ಹಳೆಯ ಹ್ಯಾಲೊಜೆನ್ ದೀಪಗಳ ಮುಂದೆ ಕೈಯಿಟ್ಟು ನೋಡಿದವರಿಗೆ ಗೊತ್ತು. ಜಾಲರಿಯ ಹತ್ತಿ ಬಲು ಬೇಗ ಉರಿಯುತ್ತದೆ. ಬೆಂಕಿ ನಿರೋಧಿಸುವ ಔಷಧ ಹಾಕಿದ ಬಟ್ಟೆಯನ್ನೇ ತರಬೇಕು. ಬೆಲೆ ಹೆಚ್ಚೆಂದು ಅದನ್ನು ಬಿಡುವುದಾದರೆ ತೆರೆಯನ್ನೇ ಬಿಡುವುದು ಲೇಸು.

ತೀರ್ಮಾನದ ಸಭೆ ಬೇಸಗೆಯ ರಜೆ ಕಳೆದು ಕಾಲೇಜು ತೆರೆದ ಮೇಲೆ ಸೇರುತ್ತದೆ. ಆಗ ನಾನು ಅಲ್ಲಿರುವುದಿಲ್ಲ. ಈ ಪರೀಕ್ಷೆಯೊಡನೆ ನನ್ನ ಮೂರು ವರ್ಷಗಳು ಮುಗಿಯುತ್ತವೆ. ಕಳೆದ ವರ್ಷದ ದುರ್ಯೋಧನನೂ ನನ್ನ ಸಂಗಡವೇ ಹೊರಡುತ್ತಾನೆ. ಅವನ ಊರಿನಲ್ಲಿ ಅವನಿಗೆ ಜಮೀನು ಕಾದಿದೆ, ರಂಗವಿಲ್ಲ. ನಾವು ಯಾವ ಬಣ್ಣದ್ದನ್ನು ತಂದರೂ ಅದು ಅವನಿಗೆ ಒದಗುವುದಿಲ್ಲ. ಪರೀಕ್ಷೆಗೆಂದು ನೆಟ್ ಬಟ್ಟೆಯನ್ನು ಕಟ್ಟಿದ ದಿನ, ಕೆಲಸ ಮುಗಿದ ಮೇಲೆ, ಅವನು ಹಗ್ಗ ಬಿಚ್ಚುವುದಕ್ಕೆ ಮುಂಚೆ, “ಒಂದ್ಸಲ ಪೂರ್ತಿ ಮಾಡ್ತೀನಿ, ನೋಡ್ತೀಯಾ?” ಎಂದು ಕೇಳಿದ. ಎರಡು ಮೀಟರ್ ಕರಿಯ ಬಟ್ಟೆಯ ಹಿಂದೆ, ಕಿರೀಟವಿಲ್ಲದೆ, ಕೈಯಲ್ಲಿ ಗದೆಯ ಬದಲು ಪೊರಕೆಯ ಹಿಡಿ ಹಿಡಿದು, ಆ ಐದಾರು ನಿಮಿಷದ ಅಭಿನಯವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದ. ಭೀಮನ ಮಾತುಗಳನ್ನು ನಾನು ಹೇಳಿದೆ. ಮಂದಿರದಲ್ಲಿ ಇನ್ನಾರೂ ಇರಲಿಲ್ಲ.

ಹಾಗೆ ಆಡಬಲ್ಲವರು ಈ ಕಾಲೇಜಿಗೆ ಇನ್ನೂ ಬರುತ್ತಾರೆ. ಅವರ ತಾಯಿತಂದೆಯರು ಬಸ್ಸು ಬದಲಾಯಿಸಿ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರಿಗೆ ಬಟ್ಟೆ ಕಾಣಬಾರದು, ಮಕ್ಕಳು ಕಾಣಬೇಕು. ಆದಕಾರಣ ಸಂಘದ ಸದಸ್ಯರು ಕರಿಯ ತೆರೆಗೆ ತಮ್ಮ ಮತವನ್ನು ಕೊಡಬೇಕೆಂದು, ಒಮ್ಮೆ ಬಿಳಿಯದಕ್ಕೆ ಕೊಟ್ಟು ಪಶ್ಚಾತ್ತಾಪಪಟ್ಟವನ ಅರಿಕೆ.